ಸಭಾಂಗಣದಲ್ಲಿ ಗೆದ್ದ ಪುಟ ಬಸ್ ಸ್ಟ್ಯಾಂಡಿನಲ್ಲಿ ತೆರೆಯಲಿಲ್ಲ

ಕೊಡಗಿನ ಒಂದು ವಿದ್ಯಾರ್ಥಿ ವೆಬ್ ಡಿಸೈನ್ ಸ್ಪರ್ಧೆ: ಪ್ರಕರಣ ಅಧ್ಯಯನ

‘ಲೋರೆಮ್ ಇಪ್ಸಮ್’ ಅನ್ನುವ ಎರಡು ಪದ ಕಣ್ಣಿಗೆ ಬೀಳದೇ ಇದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬಹುಮಾನ ಕೊಟ್ಟಾಗಿತ್ತು. ಫೋಟೊ ತೆಗೆದಾಗಿತ್ತು. ಕಾಫಿ ಕುಡಿದು ಅತಿಥಿಗಳು ಹೊರಟಾಗಿತ್ತು. ಮಾರನೇ ದಿನ ಬೆಳಿಗ್ಗೆ ದ್ವಿತೀಯ ಪಿಯುಸಿಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಮೇಡಂ, ಒಂದ್ನಿಮಿಷ ಇದನ್ನ ನೋಡ್ತೀರಾ?’ ಅಂತ ಮೊಬೈಲ್ ಚಾಚಿದಳು. ಮೊದಲ ಬಹುಮಾನ ಬಂದ ಹೋಮ್‌ಸ್ಟೇ ಜಾಲತಾಣದ ಐದನೇ ಪುಟ ಅದು. ‘ನಮ್ಮ ಬಗ್ಗೆ’ ಅನ್ನುವ ತಲೆಬರಹ, ಅದರ ಕೆಳಗೆ ಲ್ಯಾಟಿನ್ನಿನ ಹಾಗೆ ಕಾಣುವ ಎರಡು ಪ್ಯಾರಾ, ಅದಕ್ಕೂ ಕೆಳಗೆ ನ್ಯೂಯಾರ್ಕಿನ ಒಂದು ವಿಳಾಸ. ಹೋಮ್‌ಸ್ಟೇ ಇದ್ದದ್ದು ಮಡಿಕೇರಿ ತಾಲ್ಲೂಕಿನ ಕಾಫಿ ತೋಟದ ನಡುವೆ.

ಪುಟ ವಿನ್ಯಾಸ ಮಾಡುವವರು ಜಾಗ ತುಂಬಿಸೋಕೆ ಹಾಕುವ ಅರ್ಥವಿಲ್ಲದ ಪಠ್ಯ ಈ ‘ಲೋರೆಮ್ ಇಪ್ಸಮ್’. ಪ್ರಾಚೀನ ರೋಮಿನ ಲೇಖಕ ಸಿಸೆರೊ ಬರೆದಿದ್ದನ್ನು ಕತ್ತರಿಸಿ ಕಲಸಿದ್ದು. ರೆಡಿಮೇಡ್ ಟೆಂಪ್ಲೇಟ್‌ಗಳಲ್ಲಿ, ಅಂದರೆ ಮೊದಲೇ ಕಟ್ಟಿಟ್ಟ ಪುಟದ ಅಚ್ಚುಗಳಲ್ಲಿ, ಇದು ಇದ್ದೇ ಇರುತ್ತದೆ. ಆ ಹುಡುಗರು ಅದನ್ನು ತೆಗೆಯಲು ಮರೆತಿದ್ದರು. ನಾವು ಮೂರು ಜನ ತೀರ್ಪುಗಾರರು ಅದನ್ನು ನೋಡಲು ಮರೆತಿದ್ದೆವು. ಎರಡನೆಯದೇ ದೊಡ್ಡ ತಪ್ಪು ಅಂತ ನನಗೆ ಅನ್ನಿಸಿದ್ದು ಒಂದೆರಡು ದಿನ ಕಳೆದ ಮೇಲೆ. ಆವತ್ತು ಬೆಳಿಗ್ಗೆ ನನಗೆ ಸುಮ್ನೆ ಸಿಟ್ಟು ಬಂದಿತ್ತು.

ನಾನು ಜಿಲ್ಲೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತೇನೆ. ಸ್ಪರ್ಧೆ ನಡೆಸಿದ್ದು ನಾನು, ಇನ್ನೊಬ್ಬ ಸಹೋದ್ಯೋಗಿ, ನಮ್ಮ ಪಿಟಿ ಮಾಸ್ಟರ್. ಅವರಿಗೂ ವೆಬ್‌ಗೂ ಏನು ಸಂಬಂಧ ಅಂತ ಕೇಳಬೇಡಿ. ಕೊಡಗಿನಲ್ಲಿ ಯಾವ ಸ್ಪರ್ಧೆ ಮಾಡಿದರೂ ಮೈದಾನ, ಮೈಕು, ಶೀಲ್ಡು ಗೊತ್ತಿರುವವರೊಬ್ಬರು ಬೇಕು. ತೀರ್ಪಿಗೆ ನನ್ನ ಜೊತೆ ಆ ಸಹೋದ್ಯೋಗಿ ಮತ್ತು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹಳೆ ವಿದ್ಯಾರ್ಥಿ. ಪಿಯುಸಿ ಮತ್ತು ಡಿಗ್ರಿ ಮಕ್ಕಳಿಗೆ ಒಟ್ಟಿಗೇ ಸ್ಪರ್ಧೆ. ವಿಷಯ ‘ನಮ್ಮೂರು’. 40 ಅಂಕ ಅಂದಕ್ಕೆ, 30 ವಿಷಯಕ್ಕೆ, 30 ತಾಂತ್ರಿಕ ಕೆಲಸಕ್ಕೆ. ನಿಯಮ ಅರ್ಧ ಪುಟ. ‘ಸ್ವಂತ ಕೆಲಸವಾಗಿರಬೇಕು’ ಅನ್ನುವ ಒಂದು ಸಾಲು ಅದರಲ್ಲಿತ್ತು.

ಆ ಒಂದು ಸಾಲಿನಿಂದಲೇ ಎಲ್ಲ ತರಲೆ ಶುರುವಾಯಿತು.

ಅದಕ್ಕೂ ಮುಂಚೆ ದಿನಾಂಕದ ಎಡವಟ್ಟನ್ನು ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಪ್ರಕಟಣೆ, ಜುಲೈ ಕೊನೆಗೆ ಸಲ್ಲಿಕೆ ಅಂತ ಇಟ್ಟಿದ್ದೆವು. ಪುಸ್ತಕದಲ್ಲಿ ಓದಿದವರು ಇಡುವ ದಿನಾಂಕ. ಜುಲೈನಲ್ಲಿ ಕೊಡಗಿನಲ್ಲಿ ಏನಾಗುತ್ತದೆ ಅಂತ ಇಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ ನೋಡಿ! ಮಳೆ ಜಾಸ್ತಿಯಾಯಿತು, ಶಾಲಾ ಕಾಲೇಜಿಗೆ ರಜೆ ಕೊಟ್ಟರು, ಮರ ಬಿದ್ದು ಕಂಬ ಮುರಿಯಿತು. ಭಾಗಮಂಡಲ ಕಡೆಯ ಒಂದು ತಂಡದ ಮನೆಗಳಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ರಾತ್ರಿ 12 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕಳಿಸಿ ಅನ್ನುವ ನಮ್ಮ ನಿಯಮ ಅವರಿಗೆ ಜೋಕ್‌ನಂತೆ ಕೇಳಿಸಿರಬೇಕು. ಎರಡು ಸಲ ಮುಂದೂಡಿದೆವು. ಆ ತಂಡದ ಹುಡುಗ ಕೊನೆಗೆ ಪೆನ್‌ಡ್ರೈವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದುಕೊಟ್ಟ. ನಮ್ಮ ನಿಯಮದಲ್ಲಿ ಪೆನ್‌ಡ್ರೈವ್‌ಗೆ ಜಾಗವೇ ಇರಲಿಲ್ಲ. ತಗೊಂಡೆವು ಅನ್ನಿ.

ಟೆಂಪ್ಲೇಟ್ ತಪ್ಪೇ?

ಗೆದ್ದ ತಂಡದ ನಾಲ್ವರನ್ನು ಕರೆಸಿದೆವು. ಹುಡುಗರು ಹೆದರಿದ್ದರು, ಆದರೆ ಸುಳ್ಳು ಹೇಳಲಿಲ್ಲ. ‘ಹೌದು ಮೇಡಂ, ಟೆಂಪ್ಲೇಟ್ ತಗೊಂಡ್ವಿ. ಫೋಟೊ ನಾವೇ ತೆಗೆದಿದ್ದು, ವಿಡಿಯೊನೂ ನಮ್ಮದೇ. ಟೆಂಪ್ಲೇಟ್ ಬೇಡ ಅಂತ ರೂಲ್ಸಲ್ಲಿ ಇರ್ಲಿಲ್ವಲ್ಲ?’

ಇರಲಿಲ್ಲ ನಿಜ. ಉಳಿದ ತಂಡಗಳ ಕೋಡ್ ತೆರೆದು ನೋಡಿದರೆ ಅರ್ಧಕ್ಕರ್ಧ ಜನ ಬೂಟ್‌ಸ್ಟ್ರಾಪ್ ಬಳಸಿದ್ದರು. ಟ್ವಿಟರ್‌ನ ಎಂಜಿನಿಯರುಗಳು 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ, ಪುಟ ಕಟ್ಟುವ ಸಿದ್ಧ ಸಾಮಗ್ರಿ ಅದು. ಎಂಐಟಿ ಪರವಾನಗಿ ಇದೆ, ಯಾರು ಬೇಕಾದರೂ ಬಳಸಬಹುದು, ಪರವಾನಗಿಯ ಸಾಲುಗಳನ್ನು ಅಳಿಸದೆ ಉಳಿಸಿಕೊಂಡರೆ ಆಯ್ತು. ಹಾಗಾದರೆ ಬೂಟ್‌ಸ್ಟ್ರಾಪ್ ಸ್ವಂತ ಕೆಲಸವೇ? ಅಲ್ಲ. ಮೋಸವೇ? ಅದೂ ಅಲ್ಲ. ಕೆಲಸಕ್ಕೆ ಸೇರಿದ ಮೇಲೆ ಯಾವ ಡಿಸೈನರೂ ಎಲ್ಲವನ್ನೂ ಮೊದಲಿಂದ ಬರೆಯುವುದಿಲ್ಲ. ನಮ್ಮ ಹಳೆ ವಿದ್ಯಾರ್ಥಿ ಫೋನಿನಲ್ಲಿ ನಗುತ್ತಾ, ‘ಮೇಡಂ, ಟೆಂಪ್ಲೇಟ್ ಮುಟ್ಟಿದೋರನ್ನ ತೆಗೆದ್ರೆ ನಮ್ಮ ಆಫೀಸಲ್ಲಿ ಯಾರೂ ಉಳಿಯಲ್ಲ’ ಅಂದ.

ಗೂಗಲ್‌ನಿಂದ ತೆಗೆದ ಅಬ್ಬಿ ಜಲಪಾತದ ಫೋಟೊಗಳ ಕಥೆ ಬೇರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೊಗೆ ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೂ 60 ವರ್ಷ ರಕ್ಷಣೆ ಇದೆ. ಮೂರು ತಂಡಗಳು ಯಾರದೋ ಫೋಟೊ ಎತ್ತಿಕೊಂಡಿದ್ದವು, ಒಂದರಲ್ಲಂತೂ ತೆಗೆದವರ ವಾಟರ್‌ಮಾರ್ಕ್ ಹಾಗೇ ಇತ್ತು. ಅಂದರೆ ಟೆಂಪ್ಲೇಟ್ ಬಳಸಿದವರಿಗಿಂತ ಇವರ ತಪ್ಪು ಜಾಸ್ತಿ. ಅವರ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ, ಯಾಕೆಂದರೆ ಅವರು ಗೆದ್ದಿರಲಿಲ್ಲ.

ಇಷ್ಟರಲ್ಲಿ ಸುದ್ದಿ ಹರಡಿತ್ತು. ಕೊಡಗು ಚಿಕ್ಕ ಜಿಲ್ಲೆ. 2011ರ ಜನಗಣತಿಯಲ್ಲಿ ಐದೂವರೆ ಲಕ್ಷದಷ್ಟು ಜನ. ಮನೆ ಹೆಸರು ಹೇಳಿದರೆ ಸಾಕು, ಯಾವ ನಾಡು, ಯಾರ ಸಂಬಂಧಿ ಅಂತ ಎದುರಿನವರು ಹೇಳಿಬಿಡುತ್ತಾರೆ. ಗೆದ್ದ ತಂಡದ ಒಬ್ಬ ಹುಡುಗ ನಮ್ಮ ಸಹೋದ್ಯೋಗಿಗೆ ದೂರದ ನೆಂಟ ಅನ್ನುವುದು ಮೂರನೇ ದಿನಕ್ಕೆ ಹೊರಬಂತು. ಅವರಿಗೇ ಅದು ನೆನಪಿರಲಿಲ್ಲ. ಆದರೆ ಪುಟದ ಅಡಿಯಲ್ಲಿ ತಂಡದವರ ಹೆಸರು ಮನೆ ಹೆಸರಿನ ಸಮೇತ ಇತ್ತಲ್ಲ, ನೆನಪಿರಲಿಲ್ಲ ಅಂದರೆ ನಂಬುವವರು ಯಾರು?

ಒಂದು ಸಂಜೆ ಪೂರ್ತಿ ಸ್ಪರ್ಧೆ ನಡೆಸಿದ ಮೂವರೂ ಕೂತೆವು. ಬಹುಮಾನ ವಾಪಸ್ ತಗೋಬೇಕು ಅಂತ ನಾನು. ನಿಯಮದಲ್ಲಿ ಇಲ್ಲದ್ದಕ್ಕೆ ಶಿಕ್ಷೆ ಕೊಡೋದು ಹೇಗೆ ಅಂತ ಸಹೋದ್ಯೋಗಿ. ನೆಂಟಸ್ತಿಕೆಯ ಮಾತು ಬಂದ ಮೇಲೆ ಅವರಿಗೆ ಬಾಯಿ ಬಿಡುವುದೇ ಕಷ್ಟವಾಗಿತ್ತು, ಪಾಪ. ಮತ್ತೊಂದು ಸುತ್ತು ಮಾಡೋಣ ಅಂತ ನಾನು ಅಂದಾಗ ಅವರೇ ಕೇಳಿದರು: ‘ಹಾಕಿ ಮ್ಯಾಚ್ ಮುಗಿದ ಮೇಲೆ ಪೆನಾಲ್ಟಿ ಕಾರ್ನರ್ ಕೊಡೋಕಾಗುತ್ತಾ?’ ಅಷ್ಟೊತ್ತು ಸುಮ್ಮನಿದ್ದ ಪಿಟಿ ಮಾಸ್ಟರ್ ತಲೆ ಎತ್ತಿದರು. ‘ಆಗುತ್ತಲ್ಲ. ಟೈಮ್ ಮುಗಿಯೋ ಮುಂಚೆ ಫೌಲ್ ಆಗಿದ್ರೆ, ಟೈಮ್ ಮುಗಿದ ಮೇಲೂ ಕಾರ್ನರ್ ಆಡಿಸಿಯೇ ಪಂದ್ಯ ಮುಗಿಸಬೇಕು. ಅದು ರೂಲು. ಇಲ್ಲಿ ಫೌಲ್ ಮಾಡಿದ್ದು ನಾವು.’

ಅಲ್ಲಿಗೆ ತೀರ್ಮಾನವಾಯಿತು. ಮೊದಲ ಸುತ್ತಿನ ಶೀಲ್ಡು, ದುಡ್ಡು ಆ ಹುಡುಗರ ಹತ್ತಿರವೇ ಇರಲಿ. ಅವರು ಯಾವ ನಿಯಮವನ್ನೂ ಮುರಿದಿಲ್ಲ. ನೋಟಿಸ್ ಬೋರ್ಡಿನಲ್ಲಿ ನಮ್ಮ ತಪ್ಪನ್ನು ನಾವೇ ಬರೆದು ಹಾಕುವುದು. ಅದೇ ತಂಡಗಳಿಗೆ ಸರಿಯಾದ ನಿಯಮದಲ್ಲಿ ಇನ್ನೊಂದು ಸುತ್ತು. ಅದರ ಬಹುಮಾನ ನಮ್ಮ ಮೂವರ ಜೇಬಿನಿಂದ. ನೋಟಿಸ್ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು, ಒಪ್ಪುತ್ತೇನೆ. ‘ತೀರ್ಪುಗಾರರು ಎಲ್ಲ ಪುಟಗಳನ್ನು ತೆರೆದು ನೋಡಿರಲಿಲ್ಲ’ ಅನ್ನುವ ಸಾಲನ್ನು ಮೂರು ಸಲ ಹೊಡೆದು ಹಾಕಿ ಮತ್ತೆ ಬರೆದೆ.

14 ಎಂಬಿ

ಎರಡನೇ ಸುತ್ತಿನ ನಿಯಮ ಬರೆಯಲು ಕೂರುವ ಮುಂಚೆ, ಗೆದ್ದ ಪುಟವನ್ನು ನನ್ನ ಮೊಬೈಲಿನಲ್ಲಿ ತೆರೆದು ನೋಡೋಣ ಅನ್ನಿಸಿತು. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಜಡಿಮಳೆ, ಸಿಗ್ನಲ್ ಒಂದು ಕಡ್ಡಿ. ಬಿಳಿ ಪರದೆ. ಒಂದು ಚಕ್ರ ಸುತ್ತುತ್ತಿತ್ತು. ನನ್ನ ಬಸ್ ಬಂತು, ಹತ್ತಿದೆ, ಸೀಟು ಹಿಡಿದೆ. ಚಕ್ರ ಇನ್ನೂ ಸುತ್ತುತ್ತಲೇ ಇತ್ತು.

ಮಾರನೇ ದಿನ ಲ್ಯಾಬಿನಲ್ಲಿ ಅಳೆದೆ. ಮುಖಪುಟ ಒಂದೇ 14 ಎಂಬಿ. ಪರದೆ ತುಂಬ ಮಂಜು ಸರಿಯುವ ವಿಡಿಯೊ, ಕ್ಯಾಮೆರಾದಿಂದ ಇಳಿಸಿದ ಹಾಗೇ ಹಾಕಿದ ಫೋಟೊಗಳು. ಲೆಕ್ಕ ಸುಲಭ: 14 ಎಂಬಿ ಅಂದರೆ 112 ಮೆಗಾಬಿಟ್. ಸೆಕೆಂಡಿಗೆ 1 ಮೆಗಾಬಿಟ್ ಬರುವ ಕಡೆ 112 ಸೆಕೆಂಡ್, ಹತ್ತಿರ ಹತ್ತಿರ ಎರಡು ನಿಮಿಷ. ನಾವು ಇದನ್ನು ನೋಡಿದ್ದು ಎಲ್ಲಿ? ಕಾಲೇಜಿನ ಸಭಾಂಗಣದಲ್ಲಿ, ಫೈಬರ್ ಸಂಪರ್ಕದಲ್ಲಿ, ಪ್ರೊಜೆಕ್ಟರ್ ಹಾಕಿ, ದೀಪ ಆರಿಸಿ. ಸಿನಿಮಾ ನೋಡಿದ ಹಾಗೆ ನೋಡಿ ಸಿನಿಮಾಕ್ಕೆ ಬಹುಮಾನ ಕೊಟ್ಟಿದ್ದೆವು. ಹೋಮ್‌ಸ್ಟೇ ಹುಡುಕುವವನು ಕುಶಾಲನಗರ ದಾಟಿ ಆನೆಕಾಡಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಅದನ್ನು ತೆರೆಯುತ್ತಾನೆ ಅನ್ನುವುದು ಯಾರ ತಲೆಗೂ ಬರಲಿಲ್ಲ.

ಟೆಂಪ್ಲೇಟಿನ ಗಲಾಟೆ ಆಗದೇ ಇದ್ದಿದ್ದರೂ ನಮ್ಮ ತೀರ್ಪು ತಪ್ಪೇ ಆಗಿತ್ತು. ಇದು ನನಗೆ ಆ ಬಸ್ಸಿನಲ್ಲಿ ಅರ್ಥವಾಯಿತು.

ಅಂಕಪಟ್ಟಿಯನ್ನೂ ಮತ್ತೆ ತೆಗೆದು ನೋಡಿದೆ. ಅಲ್ಲಿ ಇನ್ನೊಂದು ತಮಾಷೆ. ನಾನು ಎಲ್ಲರಿಗೂ 60ರಿಂದ 72ರ ಒಳಗೆ ಕೊಟ್ಟಿದ್ದೆ. ಬೆಂಗಳೂರಿನ ಹುಡುಗ 35ರಿಂದ 92ರವರೆಗೆ ಹರಡಿದ್ದ. ಮೂವರದ್ದನ್ನೂ ಕೂಡಿಸಿದಾಗ ಅವನು ಇಷ್ಟಪಟ್ಟದ್ದೇ ಮೇಲೆ ಬಂತು. ನನ್ನ ಅಂಕ ಲೆಕ್ಕಕ್ಕಿದ್ದೂ ಇಲ್ಲದಂತೆ. ಅವನ ತಪ್ಪಲ್ಲ, ಕೂಡಿಸುವ ಲೆಕ್ಕವೇ ಹಾಗೆ: ಯಾರ ಅಂಕ ಜಾಸ್ತಿ ಹರಡಿರುತ್ತದೋ ಅವರದೇ ತೀರ್ಪು. ಎರಡನೇ ಸುತ್ತಿನಲ್ಲಿ ಅಂಕ ಕೂಡಿಸುವುದನ್ನು ಬಿಟ್ಟು, ಒಬ್ಬೊಬ್ಬರೂ ಒಂದರಿಂದ ಕೊನೆಯವರೆಗೆ ಸ್ಥಾನ ಬರೆದು ಸ್ಥಾನಗಳನ್ನೇ ಕೂಡಿಸಿದೆವು.

ಎಲ್ಲರಿಗೂ ಒಂದೇ ಪಠ್ಯ

ಮೊದಲ ಸುತ್ತಿನಲ್ಲಿ ಯಾರ ಹತ್ತಿರ ಒಳ್ಳೆ ಕ್ಯಾಮೆರಾ, ಡ್ರೋನ್ ಇತ್ತೋ ಅವರು ಅರ್ಧ ಗೆದ್ದಿದ್ದರು. ವಿನ್ಯಾಸ ಅಳೆಯಬೇಕಾದರೆ ಸರಕು ಒಂದೇ ಇರಬೇಕು. ಇದು ನಾವು ಕಂಡುಹಿಡಿದದ್ದೇನಲ್ಲ. 2003ರಲ್ಲಿ ಡೇವ್ ಶೇ ಅನ್ನುವವರು ಸಿಎಸ್‌ಎಸ್ ಜೆನ್ ಗಾರ್ಡನ್ ಅಂತ ಒಂದು ತಾಣ ಮಾಡಿದ್ದರು. ಎಚ್‌ಟಿಎಂಎಲ್, ಅಂದರೆ ಪುಟದ ಪಠ್ಯ ಮತ್ತು ಚೌಕಟ್ಟು, ಎಲ್ಲರಿಗೂ ಅದೇ, ಒಂದಕ್ಷರ ಬದಲಿಸುವಂತಿಲ್ಲ. ಸಿಎಸ್‌ಎಸ್, ಅಂದರೆ ಬಣ್ಣ, ಅಕ್ಷರ, ಜೋಡಣೆ ಹೇಳುವ ಕೋಡ್ ಮಾತ್ರ ನಿಮ್ಮದು. ಅದೇ ಪುಟ ಒಬ್ಬರ ಕೈಯಲ್ಲಿ ತೋಟದ ಹಾಗೆ, ಇನ್ನೊಬ್ಬರ ಕೈಯಲ್ಲಿ ಹಳೆ ಪೋಸ್ಟರಿನ ಹಾಗೆ. ನಾವು ಅಷ್ಟು ಬಿಗಿ ಮಾಡಲಿಲ್ಲ. ಎರಡು ಪುಟ ಪಠ್ಯ, ಆರು ಫೋಟೊ ಕೊಟ್ಟು, ಕಟ್ಟುವುದು ನಿಮಗೆ ಬಿಟ್ಟದ್ದು ಅಂದೆವು.

ಪಠ್ಯ ಯಾವುದು? ಒಂದು ಗ್ರಾಮ ಪಂಚಾಯಿತಿಯ ಮಳೆಗಾಲದ ಮಾಹಿತಿ. ಯಾವ ರಸ್ತೆ ಬಂದ್, ಶಾಲೆಗೆ ರಜೆಯೇ, ಆಶ್ರಯ ಕೇಂದ್ರ ಎಲ್ಲಿ, ಯಾರಿಗೆ ಫೋನ್ ಮಾಡಬೇಕು. ತುರ್ತಿಗೆ 112, ಜಿಲ್ಲಾ ವಿಪತ್ತು ಸಹಾಯವಾಣಿ 1077, ಕರೆಂಟಿಗೆ 1912. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದನ್ನು ಕಂಡ ಮಕ್ಕಳಿಗೆ ಈ ವಿಷಯವನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಈ ಸಲ ದಿನಾಂಕ ನೋಡಿಕೊಂಡೇ ಇಟ್ಟೆವು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ ಶುರು, ಮಡಿಕೇರಿ ದಸರಾ ಗದ್ದಲಕ್ಕೆ ಮುಂಚೆ ಮುಕ್ತಾಯ. ಅದು ತಪ್ಪಿದರೆ ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ, ಆಮೇಲೆ ಹುತ್ತರಿ, ಅಷ್ಟರಲ್ಲಿ ಅರೇಬಿಕಾ ಹಣ್ಣಾಗಿ ಅರ್ಧ ಮಕ್ಕಳು ಮನೆಯ ಕಾಫಿ ಕೊಯ್ಲಿನಲ್ಲಿ ಇರುತ್ತಾರೆ. ಸಲ್ಲಿಕೆ ಮಧ್ಯಾಹ್ನ 3 ಗಂಟೆಗೆ. ಆನ್‌ಲೈನ್ ಆದರೂ ಸರಿ, ಪೆನ್‌ಡ್ರೈವ್ ಆದರೂ ಸರಿ. ತಂಡಕ್ಕೆ ಹೆಸರಿಲ್ಲ, ನಂಬರ್ ಮಾತ್ರ. ಪುಟದಲ್ಲಿ ಎಲ್ಲೂ ತಮ್ಮ ಹೆಸರು, ಫೋಟೊ, ಫೋನ್ ನಂಬರ್ ಹಾಕುವಂತಿಲ್ಲ. ನೆಂಟಸ್ತಿಕೆಯ ತಲೆನೋವು ಒಂದು ಕಾರಣ. ಪಿಯುಸಿ ಮಕ್ಕಳು 18 ದಾಟಿಲ್ಲ ಅನ್ನುವುದು ಇನ್ನೊಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ.

‘ಸ್ವಂತ ಕೆಲಸ’ ಅನ್ನುವ ಸಾಲನ್ನು ಕಿತ್ತು ಹಾಕಿ ಒಂದು ಹಾಳೆ ಕೊಟ್ಟೆವು. ಎಡಗಡೆ ‘ತಂದದ್ದು’, ಬಲಗಡೆ ‘ಮಾಡಿದ್ದು’. ಟೆಂಪ್ಲೇಟ್ ತನ್ನಿ, ಎಐ ಹತ್ತಿರ ಕೋಡ್ ಬರೆಸಿ, ಪರವಾಗಿಲ್ಲ. ಎಡಗಡೆ ಬರೆಯಿರಿ. ಬರೆಯದೇ ಸಿಕ್ಕಿಬಿದ್ದರೆ ಹೊರಗೆ. ಕೊನೆಗೆ ಹತ್ತು ನಿಮಿಷ ಮೌಖಿಕ: ನಮ್ಮೆದುರೇ ಒಂದು ಬದಲಾವಣೆ ಮಾಡಿ ತೋರಿಸಬೇಕು. ‘ಈ ಪಟ್ಟಿಯನ್ನು ಮೇಲಕ್ಕೆ ತನ್ನಿ’, ‘ಈ ಅಕ್ಷರ ದೊಡ್ಡದು ಮಾಡಿ’, ಅಷ್ಟೇ. ತಾವೇ ಮಾಡಿದವರಿಗೆ ಅರ್ಧ ನಿಮಿಷದ ಕೆಲಸ. ಬೇರೆಯವರಿಂದ ಮಾಡಿಸಿದವರು ಯಾವ ಫೈಲ್ ತೆರೆಯಬೇಕು ಅಂತಲೇ ಹುಡುಕುತ್ತಾರೆ. ಮೊದಲ ಸುತ್ತಿನಲ್ಲಿ ಇದೊಂದು ಇದ್ದಿದ್ದರೆ ಸಾಕಿತ್ತು.

ಪಂಚಾಯಿತಿಯ ಪಠ್ಯ ಬಂದಿದ್ದು ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿ. ಒಂದು ತಂಡ ಅದನ್ನು ಹಾಗೇ ಪುಟಕ್ಕೆ ಅಂಟಿಸಿತು. ಅವರ ಕಂಪ್ಯೂಟರಿನಲ್ಲಿ ಚೆಂದ ಕಂಡಿತು, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಆ ಹಳೆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು, ಫಾಂಟ್ ಇಲ್ಲದ ಕಡೆ ಬಣ್ಣ ಬಯಲು. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು, ಆದರೂ ಈ ಕಾಟ ಇನ್ನೂ ಮುಗಿದಿಲ್ಲ. ಇನ್ನೊಂದು ತಂಡ ಜಾಣತನ ಮಾಡಿ ಇಡೀ ಪಠ್ಯವನ್ನೇ ಚಿತ್ರ ಮಾಡಿಬಿಟ್ಟಿತು. ಹಿಗ್ಗಿಸಿದರೆ ಮಸುಕು, ಹುಡುಕಿದರೆ ಸಿಗದು, ಕಣ್ಣು ಕಾಣದವರಿಗೆ ಫೋನ್ ಅದನ್ನು ಓದಿ ಹೇಳದು. ಮತ್ತೊಂದು ತಂಡದ ಸಾಲುಗಳು ಎಷ್ಟು ಒತ್ತಿಕೊಂಡಿದ್ದವು ಅಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ತಲೆ ಮೇಲೆ ಕೂತಿತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ನಾನು ಅಕ್ಷರದ ಅಳತೆಯ 1.6 ಪಟ್ಟು ಕೊಡಿ ಅನ್ನುತ್ತೇನೆ.

ಬಣ್ಣದ್ದು ಇನ್ನೊಂದು. ಮಕ್ಕಳಿಗೆ ಬಿಳಿ ಮೇಲೆ ತಿಳಿಬೂದು ಅಂದರೆ ಏನೋ ಮೋಹ. ಜಾಲತಾಣ ಎಲ್ಲರಿಗೂ ಎಟುಕಬೇಕು ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಕೇಳುತ್ತದೆ. 767676 ಅನ್ನುವ ಸಂಕೇತದ ಬೂದು ಬಣ್ಣ ಬಿಳಿ ಮೇಲೆ ಅದನ್ನು ಹಾಗೂ ಹೀಗೂ ದಾಟುತ್ತದೆ. ಒಂದು ತಂಡ ಬಳಸಿದ್ದ 999999 ಬೂದು 3ಕ್ಕೆ 1ನ್ನೂ ಮುಟ್ಟುವುದಿಲ್ಲ. ಲ್ಯಾಬಿನಲ್ಲಿ ಓದಬಹುದು. ಹೊರಗೆ ಬಿಸಿಲಲ್ಲಿ ಹಿಡಿದರೆ ಖಾಲಿ ಪುಟ.

ಕ್ಯಾಂಟೀನ್ ಅಕ್ಕನ ಮೂರು ಗೀಟು

ತೀರ್ಪಿನ ದಿನ ಪ್ರೊಜೆಕ್ಟರ್ ಹಾಕಲೇ ಇಲ್ಲ. ಒಂದು ಹಳೆ ಆಂಡ್ರಾಯ್ಡ್ ಫೋನ್ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಿ ಎಲ್ಲವನ್ನೂ ತೆರೆದೆವು. ಆಮೇಲೆ ಕ್ಯಾಂಟೀನಿನ ಅಕ್ಕ, ನಮ್ಮ ಅಟೆಂಡರ್, ಒಬ್ಬ ಬಸ್ ಕಂಡಕ್ಟರ್, ಲೈಬ್ರರಿಯ ಮೇಡಂ, ಒಬ್ಬ ವಿದ್ಯಾರ್ಥಿಯ ಅಜ್ಜ, ಈ ಐದು ಜನರ ಕೈಗೆ ಕೊಟ್ಟೆವು. ಐದೇ ಯಾಕೆ ಅಂದರೆ, ಬಳಕೆಯ ತೊಡಕು ಹುಡುಕಲು ಐದು ಜನ ಸಾಕು ಅಂತ ಜೇಕಬ್ ನೀಲ್ಸನ್ ಅನ್ನುವ ತಜ್ಞರು 2000ದಲ್ಲಿ ಬರೆದಿದ್ದರು. ಪ್ರಶ್ನೆ ಒಂದೇ: ‘ಕರೆಂಟ್ ಹೋಗಿದೆ. ಯಾರಿಗೆ ಫೋನ್ ಮಾಡ್ತೀರಿ? ಇದರಲ್ಲಿ ಹುಡುಕಿ.’ ಪಿಟಿ ಮಾಸ್ಟರ್ ಸ್ಟಾಪ್‌ವಾಚ್ ಒತ್ತಿದರು. ಅವರು ಇಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಕ್ಯಾಂಟೀನ್ ಅಕ್ಕ ಒಂದು ಪುಟವನ್ನು ಮೇಲೆ ಕೆಳಗೆ ಸರಿಸಿ ಸರಿಸಿ ಬೇಸತ್ತರು. ನಂಬರ್ ಮೆನುವಿನೊಳಗೆ ಅಡಗಿತ್ತು. ‘ಆ ಮೂರು ಗೀಟು ಒತ್ತಬೇಕು ಅಕ್ಕ’ ಅಂತ ಆ ತಂಡದ ಹುಡುಗ ತಡೆಯಲಾರದೆ ಹೇಳಿಬಿಟ್ಟ. ‘ಗೀಟು ಒತ್ತಬೇಕು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಮಗ? ಅದು ಗೀಟು!’ ಆ ಮೂರು ಗೀಟನ್ನು ನಾರ್ಮ್ ಕಾಕ್ಸ್ ಅನ್ನುವವರು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ ಬರೆದಿದ್ದು. ಇಷ್ಟು ವರ್ಷವಾದರೂ ಅದು ನಮ್ಮ ಕ್ಯಾಂಟೀನಿಗೆ ತಲುಪಿಲ್ಲ. ಹುಡುಗ ಮುಖ ಸಣ್ಣ ಮಾಡಿಕೊಂಡ, ಆದರೆ ನಮ್ಮ ಯಾವ ಪಾಠವೂ ಅಕ್ಕನ ಆ ಒಂದು ಮಾತಿನಷ್ಟು ನಾಟಿರಲಾರದು.

ಗೆದ್ದದ್ದು ಭಾಗಮಂಡಲ ಕಡೆಯ ತಂಡ, ಪೆನ್‌ಡ್ರೈವ್ ತಂದವರು. ಮೊದಲ ಸುತ್ತಿನಲ್ಲಿ ಅವರನ್ನು ನಾವು ಯಾರೂ ಗಮನಿಸಿರಲಿಲ್ಲ. ಪುಟ ನೋಡಲು ಏನೂ ಇಲ್ಲ. ಮೇಲ್ಗಡೆ ಇವತ್ತಿನ ತಾರೀಕು, ಕೆಳಗೆ ಮೂರು ದೊಡ್ಡ ಬಟನ್, ಒತ್ತಿದರೆ ನೇರ ಕಾಲ್. ಆಮೇಲೆ ರಸ್ತೆಗಳ ಪಟ್ಟಿ. ಆರು ಫೋಟೊಗಳಲ್ಲಿ ಒಂದನ್ನು ಮಾತ್ರ ಬಳಸಿದ್ದರು. ಇಡೀ ಪುಟ 180 ಕೆಬಿ. ಅದೇ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಎರಡು ಎಣಿಸುವಷ್ಟರಲ್ಲಿ ತೆರೆಯಿತು. ಅಜ್ಜ ಒಂಬತ್ತು ಸೆಕೆಂಡಿನಲ್ಲಿ 1912 ಒತ್ತಿ, ಆ ಕಡೆ ಯಾರೋ ಎತ್ತಿದಾಗ ಗಾಬರಿಯಾಗಿ ಫೋನನ್ನು ನನ್ನ ಕೈಗೆ ತುರುಕಿದರು. ಮೌಖಿಕದಲ್ಲಿ ‘ಫೋಟೊ ಯಾಕೆ ಬಿಟ್ರಿ?’ ಅಂದಿದ್ದಕ್ಕೆ ಆ ಹುಡುಗ, ‘ನಮ್ಮನೆ ಹತ್ರ ಫೋಟೊ ಇರೋ ಪುಟ ಓಪನ್ನೇ ಆಗಲ್ಲ ಮೇಡಂ’ ಅಂದ.

ಮೊದಲ ಸುತ್ತಿನ ವಿಜೇತರಲ್ಲಿ ಇಬ್ಬರು ಮಾತ್ರ ಬಂದಿದ್ದರು. ಅವರ ‘ತಂದದ್ದು’ ಪಟ್ಟಿ ಎಲ್ಲರಿಗಿಂತ ಉದ್ದವಿತ್ತು, ಮತ್ತು ಎಲ್ಲರಿಗಿಂತ ಪ್ರಾಮಾಣಿಕವಾಗಿತ್ತು. ಸ್ಥಾನ ಬರಲಿಲ್ಲ. ಉಳಿದಿಬ್ಬರಲ್ಲಿ ಒಬ್ಬ ನನ್ನನ್ನು ಕಂಡರೆ ಆಚೆ ದಾರಿ ಹಿಡಿಯುತ್ತಿದ್ದ, ವರ್ಷ ಮುಗಿಯುವವರೆಗೂ. ನೋಟಿಸಿನಲ್ಲಿ ತಪ್ಪು ನಮ್ಮದು ಅಂತ ಬರೆದಿದ್ದರೂ, ಓದಿದವರು ಅವನನ್ನೇ ಚುಡಾಯಿಸಿದ್ದರಂತೆ. ಅದನ್ನು ತಡೆಯಲು ನಾವು ಏನೂ ಮಾಡಿರಲಿಲ್ಲ.

ಭಾಗಮಂಡಲ ಕಡೆಯ ತಂಡದ ಪುಟವನ್ನು ಪಂಚಾಯಿತಿಗೆ ತೋರಿಸಲು ಹೋದೆವು. ಅಲ್ಲಿನ ಡೇಟಾ ಎಂಟ್ರಿ ಮಾಡುವ ಹೆಣ್ಣುಮಗಳು ಪೂರ್ತಿ ನೋಡಿ, ‘ಚೆನ್ನಾಗಿದೆ. ರಸ್ತೆ ಬಂದ್ ಆದ ದಿನ ಇದನ್ನ ನಾನು ಬದಲಿಸೋದು ಹೇಗೆ?’ ಅಂತ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಯಾವ ತಂಡವೂ ಅದನ್ನು ಯೋಚಿಸಿರಲಿಲ್ಲ, ಯಾಕೆಂದರೆ ನಮ್ಮ ನಿಯಮ ಕೇಳಿರಲಿಲ್ಲ. ಆ ಹುಡುಗರು ಎರಡು ಶನಿವಾರ ಹೋಗಿ ಕೂತರು. ರಸ್ತೆಯ ಪಟ್ಟಿ ಒಂದು ಸ್ಪ್ರೆಡ್‌ಶೀಟಿನಿಂದ ಬರುವ ಹಾಗೆ ಮಾಡಿ, ಅವರು ಮೊಬೈಲಿನಲ್ಲೇ ತಿದ್ದುವಂತೆ ಕಲಿಸಿಕೊಟ್ಟರು. ಮುಂದಿನ ವರ್ಷದ ನಿಯಮದಲ್ಲಿ ಅವರ ಆ ಪ್ರಶ್ನೆಯನ್ನೇ ಮೊದಲ ಸಾಲಿನಲ್ಲಿ ಹಾಕಿದೆವು.

ಜುಲೈನಲ್ಲಿ ಒಂದು ಬೆಳಿಗ್ಗೆ, ಕಾಲೇಜಿಗೆ ರಜೆ, ಪುಟ ತೆರೆದು ನೋಡಿದೆ. ಮೇಲೆ ಆವತ್ತಿನದೇ ತಾರೀಕು. ‘ಸೆತುವೆ ಮೇಲೆ ನೀರು. ಬಸ್ ಇಲ್ಲ.’ ಅಷ್ಟರಲ್ಲಿ ಆ ಹುಡುಗನ ಮೆಸೇಜ್: ‘ಮೇಡಂ, ಸೇತುವೆಗೆ ದೀರ್ಘ ಬಿಟ್ಟುಹೋಗಿದೆ. ನಾನು ತಿದ್ದಲಾ?’

ಅವರ ಪುಟ, ಅವರನ್ನೇ ಕೇಳು ಅಂದೆ.